ಪಾರ್ಲರ್ ವಿದ್ಯೆಯ ಜಮಾ-ಖರ್ಚು

ನಾವು ಸರಕಾರಿ ಕಚೇರಿಯ ಗುಮಾಸ್ತರು. ಬಿ.ಎ. ಆಗಿದೆ, ವಯಸ್ಸು ಮೂವತ್ತಾರು, ವಾಸ ಡೊಂಬಿವಲಿ. ಇಂಥವರ ಮನೆಗೆ ಯಾರೂ ಸೌಂದರ್ಯದ ವಿಚಾರ ಕೇಳಲು ಬರುವುದಿಲ್ಲ. ಲೆಕ್ಕ ಮಾಡಿಸಿಕೊಳ್ಳಲು ಬರುತ್ತಾರೆ. ಹಾಗೆಯೇ ಯುಗಾದಿಯ ಮಾರನೆಯ ದಿನ ನಮ್ಮ ವೈನಿ, ಎಂದರೆ ತೀರಿಕೊಂಡ ಅಣ್ಣನ ಹೆಂಡತಿ, ಮಗಳನ್ನು ಕರೆದುಕೊಂಡು ಬಂದರು. ಕರವಸ್ತ್ರದ ಗಂಟು ಬಿಚ್ಚಿ ಎರಡು ಚಿನ್ನದ ಬಳೆಗಳನ್ನು ಮೇಜಿನ ಮೇಲಿಟ್ಟರು.

“ಇವನ್ನ ಒತ್ತಿ ಇಟ್ಟು ಅಕೀನ್ನ ಬ್ಯೂಟಿ ಅಕಾಡೆಮಿಗೆ ಹಾಕಬೇಕಂತೀನಿ. ಹಾಕಬೇಕೋ ಬ್ಯಾಡೋ, ನೀವು ಲೆಕ್ಕಾ ಮಾಡಿ ಹೇಳ್ರಿ,” ಎಂದರು.

ಹುಡುಗಿಗೆ ಹತ್ತೊಂಬತ್ತು. ಹನ್ನೆರಡನೆಯ ಇಯತ್ತೆ ಮುಗಿಸಿ ಒಂದು ಸೀರೆ ಅಂಗಡಿಯ ಕೌಂಟರಿನಲ್ಲಿ ಕೂಡುತ್ತಾಳೆ. ತಿಂಗಳಿಗೆ 9,000 ರೂಪಾಯಿ. ಅಕಾಡೆಮಿಯ ಬಣ್ಣದ ಪುಸ್ತಿಕೆಯಲ್ಲಿ ಒಂಬತ್ತು ತಿಂಗಳ ಡಿಪ್ಲೊಮಾಕ್ಕೆ 1,60,000 ಎಂದು ದೊಡ್ಡಕ್ಷರದಲ್ಲಿತ್ತು. ಕೆಳಗೆ ಇರುವೆ ಗಾತ್ರದ ಅಕ್ಷರದಲ್ಲಿ ‘ತೆರಿಗೆ ಪ್ರತ್ಯೇಕ’ ಎಂದಿತ್ತು. ಗುಮಾಸ್ತನ ಕಣ್ಣು ಮೊದಲು ಬೀಳುವುದು ಅಲ್ಲಿಯೇ. 2025ರ ಸೆಪ್ಟೆಂಬರ್ 22ರಿಂದ ಸಲೂನಿನ ಸೇವೆಗೆ ಜಿ.ಎಸ್.ಟಿ. ನೂರಕ್ಕೆ 18ರಿಂದ 5ಕ್ಕೆ ಇಳಿದಿದೆ. ಇಂಥ ಖಾಸಗಿ ತರಬೇತಿಗೆ ಮಾತ್ರ 18 ಹಾಗೆಯೇ ನಿಂತಿದೆ. ಕೂದಲು ಕತ್ತರಿಸಿಕೊಳ್ಳುವವನಿಗೆ 5, ಕತ್ತರಿಸಲು ಕಲಿಯುವವಳಿಗೆ 18!

ಹಾಳೆ ತೆಗೆದುಕೊಂಡು ಬರೆಯುತ್ತ ಹೋದೆವು. ಶುಲ್ಕ ತೆರಿಗೆಸಹಿತ 1,88,800. ಕತ್ತರಿ, ಬ್ರಶ್ಶು, ಡ್ರೈಯರ್ ಮೊದಲಾದ ಕಿಟ್ಟಿಗೆ 25,000. ರೈಲಿನ ಪಾಸು, ಮಧ್ಯಾಹ್ನದ ಊಟಕ್ಕೆ 18,000. ಒತ್ತೆಯ ಸಾಲ ಎರಡು ಲಕ್ಷಕ್ಕೆ ತಿಂಗಳಿಗೆ ನೂರಕ್ಕೆ ಒಂದರಂತೆ ಎರಡು ವರ್ಷದ ಬಡ್ಡಿ 48,000. ಇಷ್ಟನ್ನು ಯಾರಾದರೂ ಬರೆದಾರು. ಎಲ್ಲರೂ ಮರೆಯುವ ಬಾಬು ಇನ್ನೊಂದಿದೆ: ಕಲಿಯುವ ಒಂಬತ್ತು ತಿಂಗಳು ಸೀರೆ ಅಂಗಡಿಯ ಸಂಬಳವಿಲ್ಲ, ಅದು 81,000. ಒಟ್ಟು 3,60,800. ವೈನಿ ಬಳೆಗಳ ಕಡೆಗೆ ನೋಡಿದರು, ಮಾತಾಡಲಿಲ್ಲ.

ಇನ್ನು ಜಮೆಯ ಪಕ್ಕ. ನಾವು ಎರಡು ಭಾನುವಾರ ಡೊಂಬಿವಲಿ, ಠಾಣೆಗಳ ಮೂರು ಪಾರ್ಲರುಗಳಿಗೆ ಹೋಗಿ ವಿಚಾರಿಸಿದೆವು. ಗಂಡಸೊಬ್ಬ ಹೆಂಗಸರ ಪಾರ್ಲರಿನ ಬಾಗಿಲಲ್ಲಿ ನಿಂತು ಸಂಬಳ ಕೇಳುವ ಮುಜುಗರವನ್ನು ವಾಚಕರು ಊಹಿಸಿಕೊಳ್ಳಲಿ. ಮೂವರೂ ಹೇಳಿದ ಮಾತು ಒಂದೇ: ಹೊಸಬಳಿಗೆ ಮೊದಲ ವರ್ಷ 13,000ದ ಆಸುಪಾಸು, ಕೈ ಕುದುರಿ, ಗಿರಾಕಿಗಳು ಅವಳ ಹೆಸರು ಹಿಡಿದು ಕೇಳತೊಡಗಿದರೆ ಎರಡನೆಯ ವರ್ಷ 18,000, ಮೂರನೆಯ ವರ್ಷ 22,000. ವೈನಿ ಈ 13,000ವನ್ನೇ ಪೂರ್ತಿ ಲಾಭವೆಂದು ಹಿಡಿದಿದ್ದರು. ಆದರೆ 9,000 ಈಗಲೂ ಬರುತ್ತಿದೆಯಲ್ಲ! ಕೋರ್ಸು ತಂದುಕೊಡುವುದು ನಡುವಿನ 4,000 ಮಾತ್ರ. ಅದರಲ್ಲೇ ತೀರಿಸಬೇಕೆಂದರೆ ಏಳೂವರೆ ವರ್ಷ. ಸಂಬಳ ಅವರು ಹೇಳಿದಂತೆಯೇ ಏರಿದರೆ ಮೂರು ವರ್ಷ ನಾಲ್ಕು ತಿಂಗಳು. ಮದುವೆಯ ಮೇಕಪ್ಪಿನಲ್ಲಿ ಒಂದೇ ದಿನಕ್ಕೆ ಕೈತುಂಬ ಸಿಗುತ್ತದೆ ನಿಜ. ಆದರೆ ಆಷಾಢ ಬಂದರೆ ಮುಹೂರ್ತವೇ ಇಲ್ಲ. ಮೊಬೈಲಿನಲ್ಲಿ ಕರೆ ಬಂದಾಗ ಮನೆಮನೆಗೆ ಹೋಗಿ ಮಾಡುವ ಕೆಲಸವೂ ಉಂಟು. ಅಲ್ಲಿ ಕಂಪೆನಿಯ ಕಮಿಷನ್ ಕಳೆದು ಉಳಿದದ್ದು ಸಂಪಾದನೆ. 2021ರ ಅಕ್ಟೋಬರಿನಲ್ಲಿ ಗುರುಗ್ರಾಮದ ಹೆಣ್ಣುಮಕ್ಕಳು ಬೀದಿಗೆ ಬಂದದ್ದು ಈ ಕಮಿಷನ್ನಿನ ಭಾರಕ್ಕೇ.

“ಕಾಕಾ, ಅಮೇರಿಕಾದಾಗ ಇದನ್ನ ಕಲಿತವರಿಗಷ್ಟ ಕೆಲಸ ಕೊಡ್ತಾರಂತ,” ಎಂದಳು ಹುಡುಗಿ. ಸುಳ್ಳಲ್ಲ. ಅಲ್ಲಿ ರಾಜ್ಯದ ಲೈಸೆನ್ಸಿಲ್ಲದೆ ಹಣಕ್ಕಾಗಿ ಒಬ್ಬರ ಕೂದಲು ಕತ್ತರಿಸುವಂತಿಲ್ಲ. ಆ ಲೈಸೆನ್ಸಿಗೆ ಕ್ಯಾಲಿಫೋರ್ನಿಯಾದಲ್ಲಿ 1,600 ಗಂಟೆಗಳ ತರಬೇತಿ ಬೇಕಿತ್ತು. 2022ರಿಂದ 1,000ಕ್ಕೆ ಇಳಿಸಿದ್ದಾರೆ. ಅಲ್ಲಿ ಶಾಲೆಯೆಂಬುದು ಬಾಗಿಲು. ಅದನ್ನು ದಾಟದೆ ಒಳಗೆ ಹೋಗಲಾಗದು, ಆದುದರಿಂದ ಬಾಗಿಲ ಸುಂಕವನ್ನೂ ಕೊಡಲೇಬೇಕು. ನಮ್ಮಲ್ಲಿ ಅಂಥ ಲೈಸೆನ್ಸಿನ ಕಟ್ಟಳೆ ಇಲ್ಲ. ಮೂರು ಪಾರ್ಲರುಗಳಲ್ಲಿ ಒಬ್ಬರೂ ಸರ್ಟಿಫಿಕೇಟು ನೋಡುವೆವೆಂದು ಹೇಳಲಿಲ್ಲ. ಒಂದು ದಾರದುಂಡೆ ಕೊಟ್ಟು ಹುಬ್ಬು ತಿದ್ದಿಸಿ ನೋಡುತ್ತೇವೆ ಎಂದರು. ಹಾಗಾದರೆ ಅಕಾಡೆಮಿಯಲ್ಲಿ ಕೇಳಬೇಕಾದ ಪ್ರಶ್ನೆ, ಡಿಪ್ಲೊಮಾದ ಮೇಲೆ ಯಾವ ದೇಶದ ಮುದ್ರೆ ಇದೆ ಎಂಬುದಲ್ಲ. ಗೊಂಬೆಯ ತಲೆ ಬಿಟ್ಟು ಜೀವಂತ ತಲೆಗಳು ಎಷ್ಟು ಕೈಗೆ ಸಿಗುತ್ತವೆ, ನಡುವೆ ಬಿಟ್ಟರೆ ಎಷ್ಟು ಹಣ ಮರಳುತ್ತದೆ ಎಂಬುದು. ನಾವು ಕೇಳಿದಾಗ ಅಲ್ಲಿಯ ಯುವತಿ ಚಹಾ ತರಿಸಿದಳು, ಉತ್ತರ ತರಿಸಲಿಲ್ಲ.

ಇದಕ್ಕೆ ಬದಲು ಸರಕಾರಿ ಐ.ಟಿ.ಐ. ಇದೆ. ಕಾಸ್ಮೆಟಾಲಜಿ ಅಲ್ಲಿ ಒಂದು ವರ್ಷದ ಕೋರ್ಸು. ಹತ್ತನೆಯದು ಪಾಸಾಗಿದ್ದರೆ ಸಾಕು, ಕೊನೆಗೆ ಸಿಗುವುದು ರಾಷ್ಟ್ರೀಯ ಮಟ್ಟದ ಪ್ರಮಾಣಪತ್ರ. ಶುಲ್ಕ, ಕಿಟ್ಟು, ಪಾಸು ಸೇರಿ 24,000 ಹಿಡಿದೆವು. ಹನ್ನೆರಡು ತಿಂಗಳ ಸಂಬಳ 1,08,000 ಕೂಡಿಸಿದರೆ 1,32,000. ಅದೇ ಏರಿಕೆಯಲ್ಲಿ ಎರಡು ವರ್ಷದೊಳಗೆ ತೀರುತ್ತದೆ, ಬಳೆಗಳು ಒತ್ತೆ ಬೀಳುವುದಿಲ್ಲ. ಹುಡುಗಿ ತಕರಾರು ತೆಗೆದಳು: ಸೀಟು ಕಡಿಮೆ, ವರ್ಷಕ್ಕೊಮ್ಮೆ ಮಾತ್ರ ಪ್ರವೇಶ, ಹೊಸ ಹೊಸ ಯಂತ್ರಗಳು ಅಕಾಡೆಮಿಯಲ್ಲಿ ಮೊದಲು ಬರುತ್ತವೆ. ಮೂರೂ ನಿಜವೇ.

ಆಮೇಲೆ ಅವಳು ಕೇಳಿದಳು: “ಕಾಕಾ, ನೀವು ಬಿ.ಎ.ಗೆ ಹೋಗೂ ಮುಂದ ಯಾರರ ಹಿಂಗ ಲೆಕ್ಕಾ ಹಾಕಿದ್ದರೇನು?”

ಪೆನ್ನು ಕೆಳಗಿಟ್ಟೆವು. ಧಾರವಾಡದಲ್ಲಿ ಬಿ.ಎ. ಮುಗಿಸಿ ನಾವು ಮುಂಬಯಿಗೆ ಬಂದಾಗ ಮೂರು ವರ್ಷ ಇದೇ ಅಣ್ಣನ ಮನೆಯಲ್ಲಿ ಉಂಡು ನೌಕರಿಯ ಪರೀಕ್ಷೆಗಳನ್ನು ಬರೆದೆವು. ಎರಡು ಸಲ ನಪಾಸಾದೆವು. ವೈನಿ ರಾತ್ರಿ ಹತ್ತಕ್ಕೂ ಬಿಸಿ ರೊಟ್ಟಿ ಬಡಿದು ಹಾಕುತ್ತಿದ್ದರು. ಅಣ್ಣ ಒಂದು ದಿನವೂ ಹಾಳೆ ತೆಗೆದು ಕೂಡಲಿಲ್ಲ.

ಇನ್ನೊಂದನ್ನೂ ವಾಚಕರಿಂದ ಮುಚ್ಚಿಡಲಾರೆವು. ನಮ್ಮ ಮನೆತನದ ಹುಡುಗಿ ಮಂದಿಯ ಕಾಲು ತಿಕ್ಕುವುದೇ, ಊರಲ್ಲಿ ಏನೆಂದಾರು ಎಂಬ ಅಳುಕು ನಮಗಿತ್ತು. ಖರ್ಚಿನ ಪಟ್ಟಿ ಬರೆಯುವಾಗ ಕೈ ಅಷ್ಟು ಚುರುಕಾಗಿ ಓಡಿದ್ದು, ಪಾರ್ಲರುಗಳ ಮುಂದೆ ನಾವು ಅಷ್ಟು ಹೊತ್ತು ನಿಂತದ್ದು, ಬರೀ ಬಳೆಗಳ ಚಿಂತೆಯಿಂದಲ್ಲ. ಹುಡುಗಿಗೆ ಅದು ಗೊತ್ತಾಗಿತ್ತೆಂದು ತೋರುತ್ತದೆ.

ಕೊನೆಗೆ ಐ.ಟಿ.ಐ.ಗೆ ಅರ್ಜಿ ಹಾಕುವುದೆಂದಾಯಿತು, ತೀರ್ಮಾನ ಅವಳದೇ. ಸೀಟು ಸಿಗದಿದ್ದರೆ ಮುಂದಿನ ಮಾತು. ಆ 24,000 ನಾವು ಕೊಡುವುದು. ವೈನಿ ಬೇಡವೆಂದರು, ನಾವು ರೊಟ್ಟಿಯ ಬಾಕಿ ಎಂದೆವು. ಬಳೆಗಳು ಮತ್ತೆ ಕರವಸ್ತ್ರದ ಗಂಟು ಸೇರಿದವು. ಪ್ರವೇಶದವರೆಗೆ ಅವಳು ಸಂಜೆ ನಮ್ಮ ಚಾಳಿನ ಕೆಳಗಿನ ಪಾರ್ಲರಿನಲ್ಲಿ ಸಂಬಳವಿಲ್ಲದೆ ಕೈ ಪಳಗಿಸುತ್ತಿದ್ದಾಳೆ. ಭಾನುವಾರದ ಅಭ್ಯಾಸ ನಮ್ಮ ಮನೆಯಾಕೆಯ ಮೇಲೆ. ಈ ವಾರ ಅವರ ಒಂದು ಹುಬ್ಬು ಮೇಲಿದೆ, ಒಂದು ಕೆಳಗಿದೆ. ಇದನ್ನು ಯಾವ ಬಾಬಿನಲ್ಲಿ ಬರೆಯಬೇಕೆಂದು ಅವರು ನಮ್ಮನ್ನು ಕೇಳುತ್ತಿದ್ದಾರೆ.