ಗಾಳಿಕಿಂಡಿ ಇಲ್ಲದ ಕಡಲಿನ ಶಾರ್ಕ್

ಬೀದರಿನ ನೌಬಾದಿನಲ್ಲಿ 15ನೇ ಶತಮಾನದ ಸುರಂಗ ಬಾವಿಯ ಉದ್ದಕ್ಕೂ ನೆಲದಿಂದ ಒಳಗಿಳಿಯುವ ಗಾಳಿಕಿಂಡಿಗಳಿವೆ. ಜಂಬಿಟ್ಟಿಗೆ ನೆಲವನ್ನು ಕೊರೆದವರಿಗೆ ಆಳದಲ್ಲಿ ಉಸಿರಿನ ಬೆಲೆ ಗೊತ್ತಿತ್ತು. ಹಾಳುಬಾವಿಗೆ ಇಳಿದವನು ಕುಸಿದರೆ ದೆವ್ವದ ಮೇಲೆ ಹೊರಿಸುವವರು ಇಂದಿಗೂ ಇದ್ದಾರೆ. ಅಲ್ಲಿ ಕೊರಳು ಹಿಸುಕುವುದು ಕೆಟ್ಟ ಗಾಳಿ. ನೀರಿನಲ್ಲೇ ಇರುವ ಮೀನಿಗೆ ಉಸಿರಿನ ಗೊಡವೆ ಏಕೆ, ನೀರೇ ಆಮ್ಲಜನಕದಿಂದ ಆದದ್ದಲ್ಲವೇ ಎಂದು ಕೇಳಬಹುದು. ಆ ಆಮ್ಲಜನಕ ಜಲಜನಕದೊಂದಿಗೆ ಕಿವಿರು ಬಿಡಿಸಲಾಗದಂತೆ ಬೆಸೆದುಕೊಂಡಿದೆ. ಮೀನಿಗೆ ದಕ್ಕುವುದು ನೀರಿನಲ್ಲಿ ಕರಗಿದ ಅನಿಲ ಮಾತ್ರ. ಒಂದು ಲೀಟರ್ ಗಾಳಿಯಲ್ಲಿ ಸುಮಾರು 200 ಮಿಲಿಲೀಟರ್ ಆಮ್ಲಜನಕವಿದ್ದರೆ, ಬೆಚ್ಚನೆಯ ಕಡಲ ನೀರಿನ ಒಂದು ಲೀಟರಿನಲ್ಲಿ ಇರುವುದು ಬರೀ 5 ಮಿಲಿಲೀಟರಿನಷ್ಟು. ಅರಬ್ಬೀ ಸಮುದ್ರದಲ್ಲಿ ಸುಮಾರು 150ರಿಂದ 1,000 ಮೀಟರ್ ಆಳದ ನಡುವೆ ಅದಕ್ಕೂ ಬರ. ಮೇಲಿನಿಂದ ಉದುರುವ ಸತ್ತ ಜೀವರಾಶಿಯನ್ನು ಕೊಳೆಸುವ ಬ್ಯಾಕ್ಟೀರಿಯಾಗಳು ಆಮ್ಲಜನಕವನ್ನು ಬಳಸಿಬಿಡುತ್ತವೆ, ಹೊಸ ನೀರು ಬಂದು ಸೇರುವುದು ಬಲು ನಿಧಾನ.

ಈ ಉಸಿರುಗಟ್ಟುವ ಆಳದಲ್ಲಿ, ಒಮಾನಿನಿಂದ ನೈಋತ್ಯ ಭಾರತದ ತೀರದವರೆಗೆ, ಇಯಾಗೋ ಒಮಾನೆನ್ಸಿಸ್ ಎಂಬ ಪುಟ್ಟ ಶಾರ್ಕ್ ಬಾಳುತ್ತದೆ. ದೊಡ್ಡ ಹೆಣ್ಣು 60 ಸೆಂಟಿಮೀಟರಿನ ಆಸುಪಾಸು, ಗಂಡು ಇನ್ನೂ ಗಿಡ್ಡ. ಆಹಾರ ಮೀನು, ಸ್ಕ್ವಿಡ್. 1939ರಲ್ಲಿ ಮೀನುತಜ್ಞ ನಾರ್ಮನ್ ವರ್ಣಿಸಿದ ಈ ಜೀವಿ ವರ್ಗೀಕರಣಕಾರರನ್ನು ಕಾಡಿದ್ದರಿಂದ, 1971ರಲ್ಲಿ ಅದರ ಕುಲಕ್ಕೆ ಶೇಕ್ಸ್‌ಪಿಯರನ ಖಳ ಇಯಾಗೋವಿನ ಹೆಸರು ಬಿತ್ತು. ನೋಡಬೇಕಾದದ್ದು ಅದರ ಕಿವಿರು: ಅತಿ ದೊಡ್ಡ ಸೀಳು ಹೆಚ್ಚುಕಡಿಮೆ ಅದರ ಕಣ್ಣಿನಷ್ಟೇ ಉದ್ದ, ಆ ಕಣ್ಣೂ ಸಣ್ಣದಲ್ಲ. ಸಿಗುವುದು ಕಡಿಮೆಯಾದಾಗ ಸೋಸುವ ಜರಡಿ ದೊಡ್ಡದಾಗಬೇಕು ಎಂಬುದು ಸರಳ ತರ್ಕ. ಆದರೆ ಅದೇ ಶಾರ್ಕ್ ಅಂಥ ಬರವಿಲ್ಲದ ಕೆಂಪು ಸಮುದ್ರದಲ್ಲೂ ಇದೆಯಲ್ಲ? ಆಕ್ಷೇಪ ಸರಿಯೇ. ಆದರೆ ಕೆಂಪು ಸಮುದ್ರ ಆಳದಲ್ಲೂ ಸುಮಾರು 21 ಡಿಗ್ರಿ ಬೆಚ್ಚಗಿರುತ್ತದೆ. ಬೆಚ್ಚನೆಯ ನೀರಿನಲ್ಲಿ ಅನಿಲ ಕಡಿಮೆ ಕರಗುತ್ತದೆ, ಮೈಗೆ ಬೇಕಾಗುವ ಉಸಿರು ಹೆಚ್ಚುತ್ತದೆ. ಎರಡು ಕಡಲುಗಳು ಬೇರೆ ಬೇರೆ ದಾರಿಯಲ್ಲಿ ಅದೇ ಕಿವಿರನ್ನು ಬೇಡುತ್ತವೆ. ಹಾಗೆಂದು ಸೀಳಿನ ಅಳತೆಯೊಂದೇ ಪುರಾವೆಯಲ್ಲ: ಬಾಗಿಲು ಅಗಲವಾದ ಮನೆಯಲ್ಲೆಲ್ಲ ಕಣಜ ತುಂಬಿರುವುದಿಲ್ಲ. ಒಳಗಿನ ತೆಳು ಪದರಗಳನ್ನು ಹರವಿ ಅಳೆದಾಗಲೇ ಲೆಕ್ಕ ಪಕ್ಕಾ. ಶಾರ್ಕ್ ಎಂದೊಡನೆ ನಾವು ಹಲ್ಲು ಎಣಿಸುತ್ತೇವೆ. ಇದರ ಬದುಕಿನ ಗುಟ್ಟು ಕೆನ್ನೆಯ ಪಕ್ಕದ ಐದು ಸೀಳುಗಳ ಒಳಗಿದೆ.