ಹೆಗಲು ಬಿಡಿಸುವ ಕರೇಲ

ವಿಜಯಪುರ ಜಿಲ್ಲೆಯ ಇಂಡಿಯಲ್ಲಿ ಲಿಂಬೆ ತೋಟ ನೋಡಬಹುದು, ಸಿಂದಗಿಯಲ್ಲಿ ತೊಗರಿ ಹೊಲ. ಗಾಲ್ಫ್ ಮೈದಾನ ಎಲ್ಲಿಂದ ಬರಬೇಕು? ಮುದ್ದೇಬಿಹಾಳ, ಬಸವನ ಬಾಗೇವಾಡಿಯ ಕಡೆಗೂ ಅದೇ ಮಾತು. ಆ ಆಟ ಕಾಣಬೇಕಾದರೆ ಬೆಂಗಳೂರಿನ ದಾರಿ ಹಿಡಿಯಬೇಕು. ಅಲ್ಲಿನ ಗಾಲ್ಫ್ ಕ್ಲಬ್ಬು 1876ರದು. ಆದರೆ ಚೆಂಡಿಗೆ ಹೊಡೆಯುವ ಮೊದಲು ಆಟಗಾರರು ಎರಡು ಕೋಲು ಜೋಡಿಸಿ ಹಿಡಿದು ನಿಧಾನಕ್ಕೆ ಬೀಸುತ್ತ ಹೆಗಲು, ಎದೆ, ಸೊಂಟ ತಿರುವುವುದನ್ನು ಈ ಸೀಮೆಯ ಹಳೆಯ ಪೈಲವಾನನೊಬ್ಬ ಕಂಡರೆ ನಕ್ಕಾನು: ‘ಇದನ್ನ ನಾವು ತಾಲೀಮಿನ್ಯಾಗ ಕರೇಲ ಹಿಡಿದು ಮಾಡ್ತಿದ್ದೆವಲ್ಲೋ ತಮ್ಮಾ!’

ಅವನ ನಗೆಯಲ್ಲಿ ನಿಜವೂ ಇದೆ, ಸ್ವಲ್ಪ ಜಂಬವೂ ಇದೆ.

ಕರೇಲ ಎಂದರೆ ಬುಡ ದಪ್ಪ, ಹಿಡಿ ಸಣ್ಣ ಇರುವ ಮರದ ಗದೆ. ಮುದ್ಗರವೂ ಅದರ ಬಳಗದ್ದೇ. ಭುಜದ ಮುಂದೆ ನೆಟ್ಟಗೆ ಹಿಡಿದು, ತಲೆಯ ಮೇಲಿಂದ ದಾಟಿಸಿ, ಬೆನ್ನ ಹಿಂದೆ ಗಡಿಯಾರದ ಲೋಲಕದಂತೆ ಇಳಿಬಿಟ್ಟು, ಮತ್ತೆ ಮುಂದಕ್ಕೆ ತರಬೇಕು. ತೋಳಿನ ಬಲವನ್ನೇ ನಂಬಿದವನು ಹತ್ತು ಸುತ್ತಿಗೆ ಸೋಲುತ್ತಾನೆ. ಗದೆಯ ಭಾರ ತಾನೇ ಕೈಯನ್ನು ಹಿಂದಕ್ಕೆ ಎಳೆಯಲು ಬಿಟ್ಟವನ ಹೆಗಲ ಕೀಲು ಬಿಚ್ಚಿಕೊಳ್ಳುತ್ತದೆ, ಎದೆ ತೆರೆಯುತ್ತದೆ, ನಡುಬೆನ್ನು ತಿರುಗುತ್ತದೆ. ದಂಡ, ಬೈಠಕ್ ಮೈಗೆ ಕಸುವು ಕೊಟ್ಟರೆ ಕರೇಲ ಆ ಕಸುವು ಕಟ್ಟಿಗೆಯಾಗದಂತೆ ನೋಡಿಕೊಳ್ಳುತ್ತದೆ. ಇಷ್ಟೆಲ್ಲ ನಡೆಯುವುದು ತಾಲೀಮಿನಲ್ಲಿ, ಎಂದರೆ ಗರಡಿಯಲ್ಲಿ: ಮಜ್ಜಿಗೆ, ಎಣ್ಣೆ, ಅರಿಶಿನ, ಲಿಂಬೆರಸ ಬೆರೆಸಿ ಹದ ಮಾಡಿದ ಕೆಮ್ಮಣ್ಣಿನ ಪಕ್ಕದಲ್ಲಿ, ಹನುಮಪ್ಪನ ಎದುರಿಗೆ.

ಈ ನೆಲಕ್ಕೆ ಮಲ್ಲವಿದ್ಯೆ ಹೊಸತಲ್ಲ. ಇಂಡಿ ಕಡೆಯ ತಡ್ಡೇವಾಡಿ ಒಂದು ಕಾಲಕ್ಕೆ ‘ತರ್ದವಾಡಿ ಸಾಸಿರ’ ನಾಡಿನ ಹೆಸರಿಗೆ ಮೂಲ. ಕಲ್ಯಾಣ ಚಾಲುಕ್ಯರ ರಾಜ್ಯ ಕಟ್ಟಿದ ಎರಡನೆಯ ತೈಲಪ ಮೊದಲು ಆಳಿದ್ದು ಆ ನಾಡನ್ನೇ. ಅದೇ ವಂಶದ ಮೂರನೆಯ ಸೋಮೇಶ್ವರ 1129ರ ಸುಮಾರಿಗೆ ಸಂಸ್ಕೃತದಲ್ಲಿ ಬರೆದ ‘ಮಾನಸೋಲ್ಲಾಸ’ದಲ್ಲಿ ಮಲ್ಲವಿನೋದಕ್ಕೇ ಒಂದು ಭಾಗವಿದೆ. ಜಟ್ಟಿಗಳ ಆಹಾರ, ದರ್ಜೆ, ಪಟ್ಟುಗಳ ಜೊತೆಗೆ ಅವರ ಸಾಮಿನ ಪಟ್ಟಿಯೂ ಅಲ್ಲಿದೆ: ಭಾರಶ್ರಮ, ಭ್ರಮಣಶ್ರಮ, ಸಲಿಲಶ್ರಮ, ಸ್ತಂಭಶ್ರಮ ಇತ್ಯಾದಿ. ಭಾರ ಎತ್ತುವುದು, ನಡೆಯುವುದು, ಈಜುವುದು, ಕಂಬ ಏರುವುದು. ಒಂದೇ ಬಗೆಯ ಕಸರತ್ತಿಗೆ ಮೈಯನ್ನು ಒಪ್ಪಿಸಬಾರದೆಂಬ ತಿಳಿವಳಿಕೆ ಆ ಅರಸನಿಗಿತ್ತು. ಇಂದಿನ ಜಿಮ್ಮುಗಳಲ್ಲಿ ಅದು ಅಪರೂಪ.

ಗದೆ ಕಡಲು ದಾಟಿದ್ದು ಬ್ರಿಟಿಷರ ಕೈಯಲ್ಲಿ. ಭಾರತದ ಅಖಾಡಗಳಲ್ಲಿ ಇದನ್ನು ಕಂಡ ಸೇನಾಧಿಕಾರಿಗಳು ಸಿಪಾಯಿಗಳ ಕವಾಯತಿಗೆ ಸೇರಿಸಿದರು. ಡೊನಾಲ್ಡ್ ವಾಕರ್ 1834ರಲ್ಲಿ ಲಂಡನ್ನಿನಲ್ಲಿ ಪ್ರಕಟಿಸಿದ ವ್ಯಾಯಾಮದ ಪುಸ್ತಕಕ್ಕೂ ಅದು ಹೊಕ್ಕಿತು, ‘ಇಂಡಿಯನ್ ಕ್ಲಬ್’ ಎಂಬ ಹೆಸರಿನಲ್ಲಿ. ಇಂಗ್ಲೆಂಡಿನಲ್ಲಿ ಅದನ್ನು ನೋಡಿ ಬೆರಗಾದ ಸಿಮ್ ಕೀಹೋ ನ್ಯೂಯಾರ್ಕಿನಲ್ಲಿ ತಯಾರಿಸಿ ಮಾರತೊಡಗಿದ. 1866ರಲ್ಲಿ ಪುಸ್ತಕವನ್ನೂ ತಂದ. ಭಾರ ಕಡಿಮೆಯಾಯಿತು, ಮೇಲೆ ಬಣ್ಣ ಬಂತು, ಹೆಂಗಸರು ಮಕ್ಕಳೂ ಬೀಸಿದರು. 1904ರ ಸೇಂಟ್ ಲೂಯಿ ಮತ್ತು 1932ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನಲ್ಲಿ ಇದಕ್ಕೇ ಪದಕವಿತ್ತು. ಲಾಸ್ ಏಂಜಲೀಸ್‌ನಲ್ಲಿ ಚಿನ್ನ ಗೆದ್ದ ಜಾರ್ಜ್ ರಾತ್ ಆಗ ಕೆಲಸವಿಲ್ಲದ ಮನುಷ್ಯ. ಇಂದು ರಿದಮಿಕ್ ಜಿಮ್ನಾಸ್ಟಿಕ್ಸ್‌ನ ಹುಡುಗಿಯರ ಕೈಯಲ್ಲಿರುವ ಪುಟ್ಟ ಕ್ಲಬ್ಬುಗಳು ಇದೇ ಸಂತತಿ.

ಗಾಲ್ಫಿನವರು ವ್ಯಾಯಾಮಕ್ಕೆ ಮನಸ್ಸು ಮಾಡಿದ್ದು ಬಹಳ ತಡವಾಗಿ. ದಕ್ಷಿಣ ಆಫ್ರಿಕದ ಗ್ಯಾರಿ ಪ್ಲೇಯರ್ ಭಾರ ಎತ್ತಿ ಅಭ್ಯಾಸ ಮಾಡುತ್ತಿದ್ದಾಗ ಅದರಿಂದ ಆಟವೇ ಕೆಡುತ್ತದೆ ಎಂದು ಹಂಗಿಸಿದವರಿದ್ದರು. ಆತ ಒಂಬತ್ತು ಪ್ರಮುಖ ಪ್ರಶಸ್ತಿ ಗೆದ್ದ. 1990ರ ದಶಕದಲ್ಲಿ ಜಿಮ್ ಮೆಕ್ಲೀನ್ ಎಂಬ ತರಬೇತುದಾರ ‘ಎಕ್ಸ್ ಫ್ಯಾಕ್ಟರ್’ ಎಂಬ ಮಾತು ಚಾಲ್ತಿಗೆ ತಂದ ಮೇಲೆ ಎಲ್ಲರ ಕಣ್ಣು ಮೈಯ ತಿರುವಿನ ಮೇಲೆ ಬಿತ್ತು. ಕೋಲು ಹಿಂದಕ್ಕೆ ಹೋದಾಗ ಭುಜಗಳು ಸುಮಾರು 90 ಡಿಗ್ರಿ ತಿರುಗುತ್ತವೆ, ಸೊಂಟ ಅದರ ಅರ್ಧದಷ್ಟು. ಈ ಅಂತರವೇ ‘ಎಕ್ಸ್ ಫ್ಯಾಕ್ಟರ್’, ಹೊಡೆತದ ಬಲದ ಒಂದು ಮೂಲ. ನಡುಬೆನ್ನು ಮತ್ತು ತೊಡೆಸಂದು ಬಿಗಿದಿದ್ದರೆ ಆ ತಿರುವನ್ನು ಕೆಳಬೆನ್ನು ಹೊರಬೇಕಾಗುತ್ತದೆ. ಹೆಚ್ಚು ತಿರುಗುವುದು ಅದರ ಕೆಲಸವಲ್ಲ. ಗಾಲ್ಫ್ ಆಟಗಾರರಿಗೆ ಕೆಳಬೆನ್ನಿನ ನೋವು ಇಷ್ಟೊಂದು ಸಾಮಾನ್ಯವಾಗಿರುವುದಕ್ಕೆ ಇದೊಂದು ಕಾರಣ.

ಹಾಗಾಗಿ ಈಗಿನ ತರಬೇತುದಾರರು ಆಟಕ್ಕೆ ಮುಂಚೆ ಕೈಕಾಲು ಎಳೆದು ನಿಮಿಷಗಟ್ಟಲೆ ಹಾಗೇ ನಿಲ್ಲಬೇಡಿ, ಬೀಸುತ್ತ ತಿರುಗುತ್ತ ಮೈ ಬಿಸಿ ಮಾಡಿಕೊಳ್ಳಿ, ಎಳೆದು ಹಿಡಿಯುವುದು ಆಟ ಮುಗಿದ ಮೇಲಿರಲಿ ಎನ್ನುತ್ತಾರೆ. ತಾಲೀಮಿನ ಗುರು ವಸ್ತಾದನೂ ಹುಡುಗರಿಗೆ ಕಲಿಸಿದ್ದು ಬೀಸುತ್ತ ತಿರುಗುತ್ತ ಮೈ ಬಿಡಿಸುವುದನ್ನೇ.

ಹಾಗೆಂದು ಗಾಲ್ಫಿನ ಕಸರತ್ತೆಲ್ಲ ಗರಡಿಯಿಂದಲೇ ಹೋಯಿತೆಂದರೆ ಅದು ಪೈಲವಾನನ ಜಂಬ. ಅದರಲ್ಲಿ ಬಹುಪಾಲು ಕ್ರೀಡಾವೈದ್ಯರ ಮತ್ತು ಫಿಸಿಯೋಥೆರಪಿಯ ಕೊಡುಗೆ. ಗದೆ ಬೀಸುವ ಕಲೆ ಮಾತ್ರ ನಮ್ಮದು, ಅದು ಖಂಡಿತ.

ಸಂಕ್ರಾಂತಿಗೆ ವಿಜಯಪುರದ ಸಿದ್ಧೇಶ್ವರ ಜಾತ್ರೆಯಲ್ಲಿ ಭಾರ ಎತ್ತುವ ಸ್ಪರ್ಧೆ ನಡೆಯುತ್ತದೆ. ಜನ ನೆರೆಯುವುದು ಕಲ್ಲು ಹೆಗಲೇರುವ ಗಳಿಗೆಗೆ. ಈ ಸಲ ಅರ್ಧ ತಾಸು ಮೊದಲೇ ಹೋಗಿ, ಸರದಿಗೆ ಕಾಯುತ್ತ ನಿಂತವರ ಹೆಗಲು, ಸೊಂಟ ಏನು ಮಾಡುತ್ತಿರುತ್ತವೆ ಎಂದು ನೋಡಿ.