ಲೋಡರು ಸಹಿತ ಕಿರು ಟ್ರ್ಯಾಕ್ಟರನ್ನು ಆರಿಸುವ ಬಗೆ

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳ ನೆಲ ಸಮತಟ್ಟಾದುದಲ್ಲ. ಘಟ್ಟದ ಬುಡದಿಂದ ಪಡುವಣಕ್ಕೆ ಇಳಿಯುವ ಮುರಕಲ್ಲಿನ ಗುಡ್ಡಗಳೂ ಅವುಗಳ ನಡುವಣ ಕಿರಿದಾದ ಕಣಿವೆಗಳೂ ಈ ಸೀಮೆಯ ಲಕ್ಷಣ. ಇಲ್ಲಿಯ ಗದ್ದೆಗಳನ್ನು ತಗ್ಗಿನ ಬೈಲು, ನಡುವಣ ಮಜಲು, ಎತ್ತರದ ಬೆಟ್ಟು ಎಂದು ಹಿಂದಿನಿಂದಲೂ ವಿಂಗಡಿಸುವ ವಾಡಿಕೆಯಿದೆ. ಅವುಗಳಲ್ಲಿ ಅನೇಕವು ಇಂದು ಅಡಕೆಯ ತೋಟಗಳಾಗಿವೆ. ತೋಟಕ್ಕೆ ಗೊಬ್ಬರ, ಸೊಪ್ಪು, ಮಣ್ಣುಗಳನ್ನು ತಲೆಹೊರೆಯಲ್ಲಿ ಸಾಗಿಸಲು ಆಳುಗಳು ದೊರೆಯುವುದು ದುಸ್ತರವಾದಂತೆ, ಮುಂದುಗಡೆ ಬಕೆಟ್ಟನ್ನು ಹೊತ್ತ ಕಿರು ಟ್ರ್ಯಾಕ್ಟರು ಕೃಷಿಕರ ಗಮನವನ್ನು ಸೆಳೆದಿದೆ.

ಕೊಳ್ಳುವವರು ಸಾಮಾನ್ಯವಾಗಿ ಮೊದಲು ವಿಚಾರಿಸುವುದು ಅಶ್ವಶಕ್ತಿಯನ್ನು. ಆದರೆ ಲೋಡರಿರುವ ಯಂತ್ರದಲ್ಲಿ ಅದಕ್ಕಿಂತ ಮುಖ್ಯವಾದ ಪ್ರಶ್ನೆಯೊಂದುಂಟು: ಹೊರೆಯನ್ನು ಎತ್ತಿದಾಗ ಯಾವ ಚಕ್ರದ ಮೇಲೆ ಎಷ್ಟು ಭಾರ ಬೀಳುತ್ತದೆ?

ಅಗಲ

ಬಂಟ್ವಾಳ ತಾಲ್ಲೂಕಿನ ವಿಟ್ಲದಲ್ಲಿ 1956ರಿಂದ ಅಡಕೆಯ ಸಂಶೋಧನೆ ನಡೆಯುತ್ತಿದೆ. ಅಡಕೆಗೆ ಶಿಫಾರಸು ಮಾಡಲಾಗಿರುವ ಅಂತರ ಗಿಡದಿಂದ ಗಿಡಕ್ಕೆ ಸುಮಾರು 2.7 ಮೀಟರು. 1.2 ಮೀಟರು ಅಗಲದ ಯಂತ್ರ ಸಾಲಿನ ನಡುವೆ ಹೋದರೆ ಎರಡು ಪಕ್ಕಗಳಲ್ಲಿಯೂ ಮುಕ್ಕಾಲು ಮೀಟರಿಗಿಂತ ಕಡಮೆ ಎಡೆ ಉಳಿಯುವುದು. ಅಡಕೆಯ ಬೇರುಗಳು ಹೆಚ್ಚಾಗಿ ಮೇಲ್ಮಣ್ಣಿನಲ್ಲಿ ಹರಡಿರುವುದರಿಂದ, ನೆನೆದ ನೆಲವನ್ನು ಭಾರವಾದ ಚಕ್ರಗಳು ಒತ್ತಿ ಗಟ್ಟಿಮಾಡುವುದೂ ಹಿತವಲ್ಲ. ಬಸಿಗಾಲುವೆಗಳನ್ನು ದಾಟುವ ಸೇತುವೆಗಳು ಯಂತ್ರದ ಭಾರವನ್ನು ತಾಳಬಲ್ಲವೇ ಎಂಬುದನ್ನೂ ನೋಡಬೇಕು.

ಸನ್ನೆಯ ಲೆಕ್ಕ

ಒಂದು ಟ್ರ್ಯಾಕ್ಟರಿನ ತೂಕ 800 ಕಿಲೋಗ್ರಾಂ, ಎರಡು ಅಚ್ಚುಗಳ ನಡುವಣ ದೂರ 1.5 ಮೀಟರು ಎಂದು ಊಹಿಸೋಣ. ಮುಂದಿನ ಅಚ್ಚಿನ ಮೇಲೆ 320, ಹಿಂದಿನ ಅಚ್ಚಿನ ಮೇಲೆ 480 ಕಿಲೋಗ್ರಾಂ ಇರಲಿ. ಲೋಡರಿನ ಸ್ವಂತ ತೂಕವೂ ಬಕೆಟ್ಟಿನ ಹೊರೆಯೂ ಸೇರಿ 400 ಕಿಲೋಗ್ರಾಂ. ಅವೆರಡರ ಗುರುತ್ವಕೇಂದ್ರವು ಮುಂದಿನ ಅಚ್ಚಿಗಿಂತ 0.75 ಮೀಟರು ಮುಂದಿದೆ. ಈಗ ಮುಂದಿನ ಅಚ್ಚು ಸನ್ನೆಯ ಆಧಾರಬಿಂದುವಾಗುತ್ತದೆ. 400ನ್ನು 0.75ರಿಂದ ಗುಣಿಸಿ 1.5ರಿಂದ ಭಾಗಿಸಿದರೆ 200 ಬರುವುದು. ಹಿಂದಿನ ಅಚ್ಚಿನ ಭಾರ ಅಷ್ಟು ತಗ್ಗಿ 280ಕ್ಕೆ ಇಳಿಯುತ್ತದೆ; ಮುಂದಿನದು 920ಕ್ಕೆ ಏರುತ್ತದೆ, ಎಂದರೆ ಸುಮಾರು ಮೂರು ಪಟ್ಟು!

ಸಾಮಾನ್ಯವಾಗಿ ಟ್ರ್ಯಾಕ್ಟರಿನ ಬ್ರೇಕುಗಳಿರುವುದು ಹಿಂದಿನ ಚಕ್ರಗಳಲ್ಲಿ. ಅವು ಹಗುರವಾದರೆ ಇಳಿಜಾರಿನಲ್ಲಿ ಬ್ರೇಕು ನಿಷ್ಫಲವಾಗುತ್ತದೆ. ಇದಕ್ಕೆ ಪರಿಹಾರ ಪ್ರತಿಭಾರ. ಹಿಂದಿನ ಅಚ್ಚಿಗಿಂತ 0.75 ಮೀಟರು ಹಿಂದೆ 150 ಕಿಲೋಗ್ರಾಂ ತೂಗಹಾಕಿದರೆ ಹಿಂದಿನ ಭಾರ 505ಕ್ಕೆ ಏರುವುದು, ಮುಂದಿನದು 845ಕ್ಕೆ ಇಳಿಯುವುದು. ಆದುದರಿಂದ ಲೋಡರಿನೊಡನೆ ಪ್ರತಿಭಾರವನ್ನೂ ವಿಚಾರಿಸಬೇಕು. ಮುಂದಿನ ಅಚ್ಚು ಎಷ್ಟು ಭಾರವನ್ನು ಹೊರಲು ಸಮರ್ಥವೆಂಬುದನ್ನು ತಯಾರಕರಿಂದ ಬರಹದಲ್ಲಿ ಪಡೆಯಬೇಕು.

ಎತ್ತುವ ಬಲ

ಬಕೆಟ್ಟನ್ನು ಎತ್ತುವುದು ಎಣ್ಣೆಯ ಒತ್ತಡ. ಆವೃತ ದ್ರವದ ಒತ್ತಡ ಎಲ್ಲ ಕಡೆಗೂ ಸಮನಾಗಿ ಹರಡುತ್ತದೆಂಬ ಪಾಸ್ಕಲನ ನಿಯಮವೇ ಇದರ ಮೂಲ. ಒತ್ತಡ ಹೆಚ್ಚಿದರೆ ಬಲ ಹೆಚ್ಚುವುದು. ಪಂಪು ನಿಮಿಷಕ್ಕೆ ಹರಿಸುವ ಎಣ್ಣೆಯ ಪ್ರಮಾಣ ಹೆಚ್ಚಿದರೆ ವೇಗ ಹೆಚ್ಚುವುದು. ಎತ್ತುವ ಬಲವನ್ನು ಬಕೆಟ್ಟಿನ ಕೀಲಿನಲ್ಲಿ ಅಳೆದಿರುವರೋ, ಅದರ ಮುಂದಿನ ಹೊರೆಯ ನಡುವಿನಲ್ಲಿ ಅಳೆದಿರುವರೋ ಎಂಬುದನ್ನು ಅವಶ್ಯವಾಗಿ ಕೇಳಬೇಕು. ಎರಡನೆಯ ಅಂಕಿ ಯಾವಾಗಲೂ ಚಿಕ್ಕದು. ಒಂದೇ ಬಕೆಟ್ಟು ಅಡಕೆಯ ಸಿಪ್ಪೆಯನ್ನು ತುಂಬಿದಾಗ ಹಗುರ, ಮಳೆಯಲ್ಲಿ ನೆನೆದ ಮಣ್ಣನ್ನು ತುಂಬಿದಾಗ ಬಹು ಭಾರ ಎಂಬುದನ್ನು ಮರೆಯಲಾಗದು.

ಇಳಿಜಾರು

ನಾಲ್ಕು ಚಕ್ರಗಳಿಗೂ ಶಕ್ತಿ ಹರಿಯುವ ಯಂತ್ರ ಇಲ್ಲಿಗೆ ಹೆಚ್ಚು ಒಪ್ಪುತ್ತದೆ. ಮುಂದಿನ ಚಕ್ರಗಳೂ ಜೋಡಣೆಗೊಂಡಾಗ ಎಳೆತದಲ್ಲಿ ಮಾತ್ರವಲ್ಲದೆ ತಡೆಯುವುದರಲ್ಲಿಯೂ ಪಾಲ್ಗೊಳ್ಳುತ್ತವೆ.

ಇಷ್ಟಾದರೂ ಅಪಾಯ ನೀಗುವುದಿಲ್ಲ. ಬಲ ಎಡ ಚಕ್ರಗಳ ನಡುವೆ 0.8 ಮೀಟರು ಅಂತರವಿದ್ದು ಗುರುತ್ವಕೇಂದ್ರ ನೆಲದಿಂದ 0.6 ಮೀಟರು ಎತ್ತರದಲ್ಲಿದ್ದರೆ, ಗಣಿತದ ಪ್ರಕಾರ ಯಂತ್ರ ಸುಮಾರು 34 ಡಿಗ್ರಿ ಓರೆಯಲ್ಲಿ ಪಕ್ಕಕ್ಕೆ ಮಗುಚುವುದು. ಲೋಡರೂ ಹೊರೆಯೂ ಸೇರಿ 1,200 ಕಿಲೋಗ್ರಾಂ ತೂಗುವ ಯಂತ್ರದಲ್ಲಿ 200 ಕಿಲೋಗ್ರಾಂ ಹೊರೆಯನ್ನು 1.2 ಮೀಟರು ಮೇಲೆತ್ತಿದರೆ ಗುರುತ್ವಕೇಂದ್ರ 0.8 ಮೀಟರಿಗೆ ಏರುತ್ತದೆ. ಓರೆಯ ಮಿತಿ 27 ಡಿಗ್ರಿಗೆ ಇಳಿಯುತ್ತದೆ. ಇದು ನಿಂತ ಯಂತ್ರದ ಲೆಕ್ಕ. ಚಲಿಸುವಾಗ ಒಂದು ಚಕ್ರ ಕಲ್ಲನ್ನು ಹತ್ತಿ ಇನ್ನೊಂದು ಗುಂಡಿಗೆ ಇಳಿದರೆ ಇದಕ್ಕಿಂತ ಬಹಳ ಕಡಮೆ ಓರೆಯೇ ಸಾಕು. ಆದುದರಿಂದ ಹೊರೆಯನ್ನು ನೆಲಕ್ಕೆ ಸಮೀಪವಾಗಿಟ್ಟೇ ಚಲಿಸಬೇಕು. ಗುಡ್ಡಕ್ಕೆ ಅಡ್ಡಲಾಗಿ ಹೋಗದೆ, ಹತ್ತುವಾಗ ಮುಮ್ಮುಖವಾಗಿ, ಇಳಿಯುವಾಗ ಹಿಮ್ಮುಖವಾಗಿ, ತುಂಬಿದ ಬಕೆಟ್ಟು ಯಾವಾಗಲೂ ಮೇಲ್ಬದಿಗಿರುವಂತೆ ನಡೆಸಬೇಕು.

ಸ್ವೀಡನ್ ದೇಶ 1959ರಲ್ಲಿಯೇ ಹೊಸ ಟ್ರ್ಯಾಕ್ಟರುಗಳಿಗೆ ಚಾಲಕನನ್ನು ಕಾಪಾಡುವ ಉಕ್ಕಿನ ಚೌಕಟ್ಟನ್ನು ಕಡ್ಡಾಯಗೊಳಿಸಿತು. ಯಂತ್ರ ಮಗುಚಿದರೂ ಚೌಕಟ್ಟಿನೊಳಗೆ, ಪಟ್ಟಿ ಬಿಗಿದುಕೊಂಡು ಕುಳಿತ ಚಾಲಕ ಉಳಿಯುವ ಸಂಭವ ಹೆಚ್ಚು. ಕೊಕ್ಕೊ ಗಿಡಗಳಿರುವ ತೋಟದಲ್ಲಿ ಕೊಂಬೆಗಳಿಗೆ ತಗಲದಂತೆ ಮಡಚಬಲ್ಲ ಚೌಕಟ್ಟು ಅನುಕೂಲ. ಆದರೆ ಹೊರಗೆ ಬಂದೊಡನೆ ಅದನ್ನು ಮತ್ತೆ ನಿಲ್ಲಿಸಲೇಬೇಕು.

ಹೀಗೆ ಆಯ್ಕೆಗೆ ಒಂದು ಕ್ರಮವುಂಟು: ಮೊದಲು ತೋಟದ ದಾರಿಯ ಅಗಲ ಮತ್ತು ಓರೆ, ಬಳಿಕ ಹೊರೆಯ ತೂಕ, ಅನಂತರ ಅಚ್ಚಿನ ಸಾಮರ್ಥ್ಯ, ಪ್ರತಿಭಾರ, ಚೌಕಟ್ಟು; ಕೊನೆಗೆ ಅಶ್ವಶಕ್ತಿ. ಅಳತೆಪಟ್ಟಿಯನ್ನು ಹಿಡಿದು ತೋಟವನ್ನು ಒಮ್ಮೆ ಸುತ್ತಿ, ಈ ಲೆಕ್ಕವನ್ನು ಕಾಗದದಲ್ಲಿ ಮಾಡಿ ನೋಡುವುದು ಪ್ರೌಢಶಾಲೆಯ ವಿದ್ಯಾರ್ಥಿಗೂ ಸಾಧ್ಯ. ಮನೆಯವರು ಅಂಗಡಿಗೆ ಹೊರಡುವ ಮುನ್ನವೇ ಅದು ಸಿದ್ಧವಾಗಿರಲಿ.